ದಾರಿ ಬದಿಯ ಹೆಸರುಗಳು

ಗುರುವಾರ: ಶಿರಸಿ, ಬನವಾಸಿ

ಜಲಪಾತ ಬೇಡ, ಬೀಚು ಬೇಡ ಎಂದು ಭಾವನೂ ನಾನೂ ಹೊರಡುವ ಮೊದಲೇ ಮಾತಾಡಿಕೊಂಡಿದ್ದೆವು. ಶಿರಸಿಯಿಂದ ಹೊರಟು ಕಾರವಾರ ಮುಟ್ಟುವವರೆಗೆ, ಸತ್ತವರ ನೆನಪಿಗೆಂದು ರಸ್ತೆ ಪಕ್ಕದಲ್ಲಿ ಏನೇನು ನಿಂತಿದೆಯೋ ಅದನ್ನಷ್ಟೇ ನೋಡುತ್ತ ಹೋಗುವುದು. "ಇದೆಂತ ಟೂರು ಮಾರಾಯಾ, ತಿಥಿ ಊಟಕ್ಕೆ ಹೊಂಟವರ ಹಾಂಗೆ" ಎಂದು ಅಕ್ಕ ನಕ್ಕಳು. ಆದರೂ ದಾರಿಗೆಂದು ತೊಡದೇವು ಕಟ್ಟಿಕೊಟ್ಟಳು.

ಹುಡುಕಬೇಕಾಗಲಿಲ್ಲ. ಪೇಟೆ ದಾಟುವ ಮೊದಲೇ ಕರೆಂಟು ಕಂಬಕ್ಕೆ ಬಿಗಿದ ಫ್ಲೆಕ್ಸ್ ಸಿಕ್ಕಿತು. ಬೈಕ್ ಅಪಘಾತದಲ್ಲಿ ತೀರಿಕೊಂಡ ಹುಡುಗ, ಮೀಸೆ ಇನ್ನೂ ಸರಿಯಾಗಿ ಮೂಡಿರದ ಮುಖ. ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ', ಕೆಳಗೆ 'ಗೆಳೆಯರ ಬಳಗ'. ಬಳಗದವರ ಫೋಟೋಗಳು ಎರಡು ಸಾಲು. ಅವುಗಳ ಪಕ್ಕ ಮುಖಂಡರೊಬ್ಬರು ಕೈಮುಗಿದು ನಿಂತ ಚಿತ್ರ, ಅದು ಹುಡುಗನ ಚಿತ್ರಕ್ಕಿಂತ ದೊಡ್ಡದು. ಸತ್ತವರು ಯಾರು ಎಂದು ತಿಳಿಯಲು ಎರಡು ಸಲ ಓದಬೇಕು. ಗೆಳೆಯರ ದುಃಖ ಸುಳ್ಳಲ್ಲ. ರಾತ್ರೋರಾತ್ರಿ ಚಂದಾ ಎತ್ತಿ ಪ್ರಿಂಟ್ ಹಾಕಿಸಿರುತ್ತಾರೆ. ಆದರೆ ಫ್ಲೆಕ್ಸಿನ ಆಯುಷ್ಯ ಒಂದು ಮಳೆಗಾಲ. ಆಮೇಲೆ ಅದನ್ನು ಯಾರೋ ಬಿಚ್ಚಿಕೊಂಡು ಹೋಗಿ ಸೌದೆಗೆ ಹೊದಿಸುತ್ತಾರೆ. ಹುಲೇಕಲ್ ಕಡೆ ಒಂದು ಕೊಟ್ಟಿಗೆಯ ಪಕ್ಕ, ಹಾಗೆ ಹೊದಿಸಿದ ಸೌದೆ ರಾಶಿಯ ಮೇಲಿಂದ ಯಾರದೋ ಮಗ ಮಳೆಗೆ ಮುಖ ಕೊಟ್ಟುಕೊಂಡಿದ್ದುದನ್ನು ಹಿಂದೆ ನೋಡಿದ್ದೆ. 2016ರಲ್ಲೇ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಜೊತೆ ಫ್ಲೆಕ್ಸನ್ನೂ ನಿಷೇಧಿಸಿದೆ. ಕಂಬಗಳಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಬನವಾಸಿ ಶಿರಸಿಯಿಂದ 20 ಕಿ.ಮೀ. ಚಿಲ್ಲರೆ. ಮಧುಕೇಶ್ವರನ ಅಂಗಳಕ್ಕೆ ಬಂದವರೆಲ್ಲ ಕಂಬಗಳ ಹೊಳಪು ನೋಡಿ ಬೆರಗಾಗುತ್ತಾರೆ, ವೀರಗಲ್ಲುಗಳ ಕಡೆ ಹೊರಳುವವರು ಕಡಿಮೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದ ಪಟ್ಟಿಯಲ್ಲಿ ಕಾಳಗ: ಬಿಲ್ಲು, ಕತ್ತಿ, ಕೆಲವೊಮ್ಮೆ ಹಿಂದೆ ದನಗಳ ಸಾಲು. ನಡುವಿನದರಲ್ಲಿ ಅಪ್ಸರೆಯರು ಅವನನ್ನು ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲಿನದರಲ್ಲಿ ಅವನು ಲಿಂಗದೆದುರು ಕೈಮುಗಿದು ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ, ಚಂದ್ರ, ಅವರಿರುವವರೆಗೆ ಇದೂ ಇರಲಿ ಎಂದು. ಬರಹವಿರುವ ಕಲ್ಲುಗಳಾದರೆ ಸಾವಿನ ಕಾರಣವೂ ಸಿಗುತ್ತದೆ. ದನ ಹೊಡೆದುಕೊಂಡು ಹೋಗಲು ಬಂದವರಿಗೆ ಅಡ್ಡ ನಿಂತು ಸತ್ತದ್ದು ತುರುಗೋಳ್, ಹೆಂಗಸರ ಮಾನ ಕಾಯಲು ಹೋಗಿ ಸತ್ತದ್ದು ಪೆಣ್ಬುಯ್ಯಲ್, ಊರಿಗೆ ಊರೇ ಹಾಳಾದ ದಿನ ಸತ್ತದ್ದು ಊರಳಿವು.

ಕಲ್ಲಿಗಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಹಿಂದಿನ ಏರ್ಪಾಡು. ಹೋರಾಡಿ ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಡುವ ರೂಢಿಯಿತ್ತು, ನೆತ್ತರುಗೊಡಗೆ ಎಂದು. ಕಲ್ಲು ಸತ್ತವನಿಗೆ, ಗದ್ದೆ ಉಳಿದವರಿಗೆ. ಈಗಿನ ಪರಿಹಾರದ ಚೆಕ್ಕು ಒಂದು ಕಚೇರಿಯಿಂದ ಬರುತ್ತದೆ, ಶ್ರದ್ಧಾಂಜಲಿಯ ಫ್ಲೆಕ್ಸು ಇನ್ನೊಂದು ಕಡೆಯಿಂದ. ಎರಡೂ ಒಬ್ಬನನ್ನೇ ಕುರಿತದ್ದು ಎಂದು ಎರಡಕ್ಕೂ ಗೊತ್ತಿರುವುದಿಲ್ಲ. ಹಳೆಯ ಕಾಲ ಒಳ್ಳೆಯದಿತ್ತು ಎಂದು ಹೇಳುತ್ತಿಲ್ಲ. ದನ ಕದಿಯಲು ಪಕ್ಕದ ಊರಿನಿಂದ ದಂಡು ಬರುತ್ತಿದ್ದ ಕಾಲ ಅದು.

ನಾವಿದ್ದಾಗ ಶಾಲಾ ಪ್ರವಾಸದ ಬಸ್ಸೊಂದು ಬಂತು. ಇಬ್ಬರು ಹುಡುಗರು ವೀರಗಲ್ಲಿನ ಪಕ್ಕ ಕತ್ತಿ ಎತ್ತಿದಂತೆ ನಿಂತು ಫೋಟೋ ಹೊಡೆಸಿಕೊಳ್ಳತೊಡಗಿದರು. ಮೇಷ್ಟ್ರು ಗದರುತ್ತಾರೆ ಎಂದುಕೊಂಡೆ. ಗದರಲಿಲ್ಲ. ಹತ್ತಿರ ಬಂದು, "ಇವನು ಯಾವ ಕಡೆಯವನು ಹೇಳ್ರೋ, ದನ ಕದ್ದವರ ಕಡೆನೋ ಬಿಡಿಸಿದವರ ಕಡೆನೋ?" ಎಂದು ಕೇಳಿದರು. ಹುಡುಗರು ಬಗ್ಗಿದರು. ಬಾಣ ಎಣಿಸಿದರು. ಒಬ್ಬ, "ಸಾರ್, ಇವನಿಗೆ ಹೊಟ್ಟೆಗೆ ನಾಟಿದೆ" ಎಂದ. ಆಮೇಲೆ ಯಾರೂ ಕತ್ತಿ ಎತ್ತಲಿಲ್ಲ.

ಶುಕ್ರವಾರ: ಸಿದ್ದಾಪುರ, ಗೇರುಸೊಪ್ಪೆ ಘಟ್ಟ, ಕುಮಟಾ

ಮಾವಿನಗುಂಡಿಯಲ್ಲಿ ರಸ್ತೆ ಕವಲೊಡೆಯುತ್ತದೆ. ಒಂದು ಜೋಗಕ್ಕೆ, ಇನ್ನೊಂದು ಘಟ್ಟ ಇಳಿದು ಹೊನ್ನಾವರಕ್ಕೆ. ಕರನಿರಾಕರಣೆ ಚಳವಳಿಯಲ್ಲಿ ತೊಡಗಿದ ಹೆಂಗಸರ ನೆನಪಿನ ಸ್ಮಾರಕ ಇಲ್ಲಿದೆ. ಆಗ ಈ ಜಿಲ್ಲೆ ಮುಂಬಯಿ ಪ್ರಾಂತ್ಯದ ಭಾಗ. 1930ರ ಆಸುಪಾಸಿನ ಆ ವರ್ಷಗಳಲ್ಲಿ ಸಿದ್ದಾಪುರ, ಅಂಕೋಲಾ ಕಡೆಯ ರೈತರು ಭೂಕಂದಾಯ ಕೊಡುವುದಿಲ್ಲ ಎಂದು ಪಟ್ಟು ಹಿಡಿದಾಗ ಸರ್ಕಾರ ಅವರ ಜಮೀನು, ದನಕರು, ಪಾತ್ರೆ ಪಗಡಿಯನ್ನೂ ಬಿಡದೆ ಜಪ್ತು ಮಾಡಿ ಹರಾಜಿಗಿಟ್ಟಿತು. ಹರಾಜು ಹಿಡಿದವರ ಮನೆ ಬಾಗಿಲಲ್ಲಿ ಉಪವಾಸ ಕೂತವರು ಹೆಂಗಸರು. ಜೋಗಕ್ಕೆ ನೀರು ಎಷ್ಟಿದೆ ಎಂದು ಕೇಳಲು ಇಲ್ಲಿ ಕಾರು ನಿಲ್ಲುತ್ತದೆ, ಉತ್ತರ ಸಿಕ್ಕ ಮೇಲೆ ಹೊರಡುತ್ತದೆ. ನಾವಿದ್ದಾಗ ನಿಂತವರೂ ಅಷ್ಟೇ ಮಾಡಿದರು. ಅವರನ್ನು ದೂರಲು ನನಗೆ ಬಾಯಿಲ್ಲ, ಶಾಲೆಯಲ್ಲಿ ನಮಗೆ ದಂಡಿ ಕಲಿಸಿದರು, ಮಾವಿನಗುಂಡಿ ಕಲಿಸಲಿಲ್ಲ.

ಗೇರುಸೊಪ್ಪೆಯ ತಿರುವುಗಳಲ್ಲಿ ಹೆಸರಿಲ್ಲದ ನೆನಪುಗಳು ಬೇಕಾದಷ್ಟಿವೆ. ಮುರಿದ ತಡೆಗೋಡೆಯ ಮೇಲೆ ಒಣಗಿದ ಸೇವಂತಿಗೆ ಹಾರ. ಮರದ ಬುಡದಲ್ಲಿ ಎರಡು ಕಲ್ಲು, ಅರಿಶಿನ, ಊದಿನಕಡ್ಡಿಯ ಕಡ್ಡಿಗಳು. ಕೆಲವು ಊರ ದೈವಗಳಾದ ಚೌಡಿಯವು, ಜಟ್ಗನವು, ಕೆಲವು ಕಳೆದ ವರ್ಷ ಅಲ್ಲಿ ಉರುಳಿದ ಗಾಡಿಯವು. ಹೊರಗಿನವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನಮ್ಮ ಕಡೆ ಆ ಗೆರೆ ತೆಳುವೇ. ಎಷ್ಟೋ ಜಟ್ಗಗಳು ಮೂಲದಲ್ಲಿ ವೀರಗಲ್ಲುಗಳು. ಯಾರೋ ಸತ್ತ, ಕಲ್ಲು ನಿಂತಿತು, ಮೂರು ತಲೆಮಾರು ಕಳೆದು ಹೆಸರು ಅಳಿಸಿತು, ಕಲ್ಲಿಗೆ ಕಾಯಿ ಒಡೆಯುವುದು ನಿಲ್ಲಲಿಲ್ಲ. ನಾಟಿ ಗದ್ದೆಯ ಅಂಚಿನಲ್ಲಿದ್ದ ಅಂಥದ್ದೊಂದನ್ನು ತೋರಿಸಿ ಯಾರದು ಎಂದು ಕೇಳಿದಾಗ ಅಜ್ಜಿಯೊಬ್ಬಳು, "ಯಾರದ್ದು ಅಂದ್ರೆ? ನಮ್ಮದೇಯ" ಎಂದಳು. ಸಂಬಂಧ ಅಷ್ಟಕ್ಕೇ ಸಾಕು ಎಂಬಂತೆ.

ಮಾಸ್ತಿಯದು ಮಾತ್ರ ನುಂಗಲು ಕಷ್ಟ. ಕರಾವಳಿಯಲ್ಲಿ ಮಾಸ್ತಿಮನೆಗಳು ಊರೂರಿಗೆ ಸಿಗುತ್ತವೆ. ಗುಡಿಯೊಳಗಿನ ಕಲ್ಲಿನಲ್ಲಿ ಮೊಣಕೈ ಬಾಗಿಸಿ ಮೇಲೆತ್ತಿದ ಒಂದು ಕೈ, ಬಳೆ ತೊಟ್ಟದ್ದು. ಗಂಡನ ಚಿತೆಯಲ್ಲಿ ಸುಟ್ಟುಹೋದವಳು ಮಹಾಸತಿ, ಅವಳೇ ಊರಿನ ಮಾಸ್ತಿಯಮ್ಮ. ಭಾವ ಹಣ್ಣುಕಾಯಿ ಮಾಡಿಸೋಣ ಎಂದ, ನಾನು ಬೇಡ ಎಂದೆ, ಸ್ವಲ್ಪ ಚರ್ಚೆಯಾಯಿತು. ಸತಿಯನ್ನು ಹಾಡಿ ಹೊಗಳುವುದನ್ನೂ 1987ರ ಕಾಯ್ದೆ ಅಪರಾಧ ಎನ್ನುತ್ತದೆ. ಕಾಯ್ದೆ ಇಲ್ಲದಿದ್ದರೂ ಆ ಬೆಂಕಿಗೆ ಕೈಮುಗಿಯಲು ನನ್ನ ಕೈ ಏಳುವುದಿಲ್ಲ. ಆದರೆ ಆ ಕೈ ಒಬ್ಬಳದು. ಅವಳಿಗೊಂದು ತವರು ಇತ್ತು, ಬಳೆ ತೊಡಿಸಿದ ತಾಯಿ ಇದ್ದಳು. ಅವಳನ್ನು ದೂಡಿದವರ ಮೇಲಿನ ಸಿಟ್ಟಿಗೆ ಅವಳ ಕಲ್ಲಿಗೆ ಬೆನ್ನು ಹಾಕಿ ಹೋಗುವುದೂ ಸರಿಯೆನಿಸಲಿಲ್ಲ. ಕಡೆಗೆ ಭಾವ ಕಾಯಿ ಒಡೆಸಲಿಲ್ಲ, ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ನಿಂತು ಬಂದೆ. ಒಪ್ಪಂದ ಅಂದರೆ ಅದು.

ಹೊನ್ನಾವರದಿಂದ ಕುಮಟಾದ ಕಡೆಗೆ ಹೋಗುವಾಗ ಬಸ್ ತಂಗುದಾಣಗಳನ್ನು ಓದುತ್ತ ಬಂದೆವು. ಇದು ಈ ಕರಾವಳಿಯ ವಿಶೇಷ. 'ದಿ. ಇಂಥವರ ಸ್ಮರಣಾರ್ಥ', ಕೆಳಗೆ ಹುಟ್ಟು ಸಾವಿನ ತಾರೀಕು, ಕೊಟ್ಟವರು ಮಕ್ಕಳು ಮೊಮ್ಮಕ್ಕಳು. ಮುಂಬಯಿಯಲ್ಲೋ ಗಲ್ಫಿನಲ್ಲೋ ದುಡಿಯುವ ಮಗ ಅಪ್ಪನ ಹೆಸರಿನಲ್ಲಿ ನಾಲ್ಕು ಕಂಬ, ಒಂದು ಸ್ಲ್ಯಾಬು, ಎರಡು ಕಟ್ಟೆ ಮಾಡಿಸಿರುತ್ತಾನೆ. ಅಂಥ ಒಂದರಲ್ಲಿ ಮಧ್ಯಾಹ್ನದ ಬಿಸಿಲಿಗೆ ಕೂತೆವು. ಮೀನು ಬುಟ್ಟಿ ಇಳಿಸಿಕೊಂಡ ಇಬ್ಬರು ಹೆಂಗಸರು, ಕಾಲೇಜು ಹುಡುಗಿ, ಮಲಗಿದ ನಾಯಿ. ಅಮೃತಶಿಲೆಯ ಫಲಕದ ಅರ್ಧಕ್ಕೆ ಯಕ್ಷಗಾನ ಮೇಳದ ಪೋಸ್ಟರ್ ಮೆತ್ತಿದ್ದರು, ಸತ್ತವರ ಹೆಸರಿನ ಮೊದಲಕ್ಷರ ಮಾತ್ರ ಹೊರಗಿತ್ತು. ಭಾವ ಅದನ್ನು ಉಗುರಿನಿಂದ ಕೆರೆಯತೊಡಗಿದ. ಮೀನಿನ ಹೆಂಗಸು ನಕ್ಕು, "ಬಿಡಿ ಒಡೆಯಾ, ಅವರಿಗೂ ಆಟ ಅಂದ್ರೆ ಜೀವ ಆಗಿತ್ತು, ಬೇಜಾರ ಮಾಡ್ಕಣುದಿಲ್ಲ" ಎಂದಳು. ನೀವು ಅವರನ್ನು ಬಲ್ಲಿರಾ ಎಂದರೆ, ಬಲ್ಲೆ ಎಂದಳು. ಸಾಲ ಕೊಡುತ್ತಿದ್ದರಂತೆ, ವಾಪಸು ಕೇಳಲು ನಾಚುತ್ತಿದ್ದರಂತೆ. ಬಸ್ಸು ಬರುವವರೆಗೆ ಅವರ ಕಥೆ ನಡೆಯಿತು. ಫಲಕದಲ್ಲಿ ಅದೊಂದೂ ಇಲ್ಲ.

ರಸ್ತೆ, ಫುಟ್‌ಪಾತುಗಳಲ್ಲಿ ಪ್ರತಿಮೆ ನಿಲ್ಲಿಸಲು ಅನುಮತಿ ಕೊಡಬೇಡಿ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ರಾಜ್ಯಗಳಿಗೆ ಹೇಳಿತು. ಬೀದಿದೀಪದಂಥ ಸಾರ್ವಜನಿಕ ಅನುಕೂಲಗಳಿಗೆ ಆ ತಡೆ ಇಲ್ಲ. ಕೋರ್ಟಿಗಿಂತ ಎಷ್ಟೋ ಮೊದಲೇ ಕುಮಟಾದ ಮಗನಿಗೆ ಇದು ಹೊಳೆದಿತ್ತು. ಪ್ರತಿಮೆಯ ನೆರಳಿನಲ್ಲಿ ಕೂತರೆ ಅಗೌರವ ಎನ್ನುತ್ತಾರೆ, ತಂಗುದಾಣದಲ್ಲಿ ಕೂರದಿದ್ದರೇ ಅಗೌರವ. ಹೆದ್ದಾರಿ 66 ಅಗಲವಾಗುವಾಗ ಇಂಥವು ಹಲವು ಹೋದವು ಎಂದು ಕುಮಟಾದಲ್ಲಿ ಹೇಳಿದರು. ಅವುಗಳ ಜಾಗದಲ್ಲಿ ಕೆಲವು ಕಡೆ ಒಂದೇ ಅಚ್ಚಿನ ಸ್ಟೀಲಿನ ತಂಗುದಾಣ ಬಂದಿದೆ, ಕೆಲವು ಕಡೆ ಬರೀ ಬಿಸಿಲು. ಕೆಡವಿದ ಫಲಕವನ್ನು ಮನೆಯವರಿಗೆ ಒಂದು ಮಾತು ಹೇಳಿ ಒಪ್ಪಿಸುವುದು ದೊಡ್ಡ ಖರ್ಚಿನ ಕೆಲಸವೇನಲ್ಲ.

ಶನಿವಾರ: ಗೋಕರ್ಣ, ಶಿರೂರು, ಅಂಕೋಲಾ

ಗೋಕರ್ಣದ ಕೋಟಿತೀರ್ಥದ ಮೆಟ್ಟಿಲ ಮೇಲೆ ಬೆಳಿಗ್ಗೆಯೇ ಪಿಂಡ, ಎಳ್ಳು, ದರ್ಭೆ. ಇಲ್ಲಿ ಸತ್ತವರ ನೆನಪು ರಸ್ತೆಯದಲ್ಲ, ಮನೆಯದು, ಗೋತ್ರದ್ದು. ಹಾಗಾಗಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಆದರೆ ಪರಿಚಯದ ಭಟ್ಟರೊಬ್ಬರು ಹೇಳಿದ ಒಂದು ವಿಷಯ ಆಮೇಲಿನ ದಾರಿಯುದ್ದಕ್ಕೂ ಜೊತೆಗಿತ್ತು. ದೇಹವೇ ಸಿಗದೆ ಹೋದವರಿಗೆ ಮುತ್ತುಗದ ಎಲೆಯ ತೊಟ್ಟುಗಳಲ್ಲಿ ಆಳಿನ ಆಕೃತಿ ಮಾಡಿ ಸಂಸ್ಕಾರ ಮಾಡುವ ಕ್ರಮವಿದೆ, ಅದಕ್ಕೆ ಪಾಲಾಶವಿಧಿ ಎನ್ನುತ್ತಾರೆ. ಹೊಳೆ, ಸಮುದ್ರದ ಊರುಗಳಿಗೆ ಅದು ಆಗಾಗ ಬೇಕಾಗುತ್ತದೆ ಎಂದರು.

ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಗಂಗಾವಳಿ. 2024ರ ಜುಲೈ 16ರ ಬೆಳಿಗ್ಗೆ ಆ ಗುಡ್ಡ ರಸ್ತೆಯನ್ನು ದಾಟಿ ಹೊಳೆಗೆ ಬಿತ್ತು. ರಸ್ತೆ ಪಕ್ಕದ ಚಹಾ ಅಂಗಡಿ, ಅದನ್ನು ನಡೆಸುತ್ತಿದ್ದ ಸಂಸಾರ, ಚಹಾಕ್ಕೆಂದು ನಿಂತಿದ್ದ ಚಾಲಕರು, ವಾಹನಗಳು ಎಲ್ಲ ಅದರಡಿ ಹೋದವು. ಮಣ್ಣು ಬಿದ್ದ ರಭಸಕ್ಕೆ ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳನ್ನೂ ಬಡಿಯಿತು. ಒಟ್ಟು 11 ಜನ. ಗೋವಾದಿಂದ ಡ್ರೆಜ್ಜರ್ ತರಿಸಿ, ಕೇರಳದ ಚಾಲಕನ ಲಾರಿಯನ್ನು ಹೊಳೆಯಿಂದ ಎತ್ತುವಾಗ ಸೆಪ್ಟೆಂಬರ್ 25 ಆಗಿತ್ತು. ಎಲ್ಲರ ದೇಹವೂ ಸಿಗಲಿಲ್ಲ.

ಕತ್ತರಿಸಿದ ಗುಡ್ಡದ ಕೆಂಪು ಗಾಯ ದೂರದಿಂದಲೇ ಕಾಣುತ್ತದೆ. ನಾವು ಅಲ್ಲಿ ಬೈಕ್ ನಿಲ್ಲಿಸಲಿಲ್ಲ. ಮುಂದೆ ಹೋಗಿ ಒಂದು ಚಹಾ ಅಂಗಡಿಯ ಹತ್ತಿರ ಇಳಿದೆವು. ಅಲ್ಲಿಂದ ನೋಡಿದರೆ ಹೆದ್ದಾರಿಯಲ್ಲಿ ನಿಂತ ಕಾರಿನ ಪಕ್ಕ ಒಬ್ಬ ಕೋಲಿಗೆ ಮೊಬೈಲ್ ಸಿಕ್ಕಿಸಿಕೊಂಡು, ಹಿಂದಕ್ಕೆ ಗುಡ್ಡ ಬರುವಂತೆ ತಿರುಗಿ ಮಾತಾಡುತ್ತಿದ್ದ. ಹಿಂದಿನಿಂದ ಬಸ್ಸು ಹಾರ್ನ್ ಹಾಕಿದರೂ ಕೈಸನ್ನೆ ಮಾಡಿ ಮುಗಿಸುತ್ತೇನೆ ತಾಳಿ ಎಂದ. ಜನ ಸತ್ತ ಜಾಗದಲ್ಲಿ ಅದೇ ರಸ್ತೆಯ ಮೇಲೆ ಇನ್ನೊಂದು ಸಾವಿಗೆ ಜಾಗ ಮಾಡಿಕೊಡುತ್ತಿದ್ದ ಅವನನ್ನು ನೋಡುತ್ತ ಅಂಗಡಿಯವರು ಹೇಳಿದರು: "ದಿನಾ ಯಾರಾದ್ರೂ ಬಂದು ಕೇಳ್ತ್ರು, ಲಾರಿ ಸಿಕ್ಕದ್ದು ಎಲ್ಲಿ ಅಂತ. ಚಾ ಕಾಸ್ತಿದ್ದವ್ರನ್ನ ಕೇಳುವವ್ರು ಕಡಿಮೆ."

ಆ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ, ಈಗಲೂ ಇಲ್ಲ. ಟೀವಿಯವರು ಎರಡು ತಿಂಗಳಿಗೂ ಹೆಚ್ಚು ಕಾಲ ಒಂದು ಲಾರಿಯನ್ನು ತೋರಿಸಿದರು. ಚಾಲಕನ ಮನೆಯವರು ಅಷ್ಟು ದೂರದಿಂದ ಬಂದು ಪಟ್ಟು ಹಿಡಿಯದಿದ್ದರೆ ಹುಡುಕಾಟ ಅಷ್ಟು ದಿನ ನಡೆಯುತ್ತಿತ್ತೇ ಎಂಬುದೂ ಅನುಮಾನವೇ, ಅವರ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಆದರೆ 11ರಲ್ಲಿ ಒಬ್ಬರ ಊರು, ಮನೆ, ಮಗುವಿನ ಆಟಿಕೆಯವರೆಗೆ ನಮಗೆ ಗೊತ್ತಾಗಿ ಉಳಿದವರು ಸಂಖ್ಯೆಯಾದರು. ಮುಂದೆಂದಾದರೂ ಆ ಜಾಗದಲ್ಲಿ ಕಲ್ಲು ನಿಂತರೆ ಎಲ್ಲ ಹೆಸರೂ ಒಂದೇ ಗಾತ್ರದ ಅಕ್ಷರದಲ್ಲಿರಬೇಕು, ಅಂಗಡಿಯ ಮಕ್ಕಳದೂ, ಉಳುವರೆಯದೂ. ಬನವಾಸಿಯ ಕಲ್ಲುಕುಟಿಗನ ಹಾಗೆ ಕಾರಣವನ್ನೂ ಬರೆಯಬೇಕು. ಬರೀ 'ಪ್ರಕೃತಿ ವಿಕೋಪ' ಎಂದು ಕೆತ್ತಿದರೆ ಸಾಲದು. ಗುಡ್ಡದ ಬುಡ ಕಡಿದು ರಸ್ತೆ ಅಗಲ ಮಾಡಿದ್ದನ್ನು ಮಳೆ ಮಾಡಲಿಲ್ಲ.

ಅಂಕೋಲಾದಲ್ಲಿ ಹುಬ್ಬಳ್ಳಿ ರಸ್ತೆ ಸೇರುತ್ತದೆ. ಅದೇ ರಸ್ತೆಯ ಮೇಲೆ, ಯಲ್ಲಾಪುರ ತಾಲೂಕಿನಲ್ಲಿ, 2025ರ ಜನವರಿ 22ರ ನಸುಕಿಗೆ ಸವಣೂರಿನಿಂದ ಸಂತೆಗೆ ಹೊರಟ ಹಣ್ಣು ತರಕಾರಿ ಲಾರಿ ಉರುಳಿ 10 ವ್ಯಾಪಾರಿಗಳು ತೀರಿಕೊಂಡಿದ್ದರು. ಅಂಕೋಲಾದ ಸಂತೆಯಲ್ಲಿ ಆ ದಿಕ್ಕಿನಿಂದ ಬಂದ ಈರುಳ್ಳಿಯವನೊಬ್ಬನಿಗೆ ಅದನ್ನು ಕೇಳಿದೆವು. "ಗೊತ್ತರೀ, ನಮ್ಮೂರ ಕಡೆಯವ್ರ" ಎಂದ, ತಕ್ಕಡಿಯಿಂದ ಕಣ್ಣೆತ್ತಲಿಲ್ಲ. ಗಿರಾಕಿಗಳಿದ್ದರು. ನಾವು ಇನ್ನೇನೂ ಕೇಳಲಿಲ್ಲ.

ಭಾನುವಾರ: ಚೆಂಡಿಯಾ, ಕಾರವಾರ

ಕಾರವಾರಕ್ಕೆ ಮೊದಲು ಚೆಂಡಿಯಾ ಸಿಗುತ್ತದೆ, ಪರಮವೀರ ಚಕ್ರ ಪಡೆದ ರಾಮ ರಾಘೋಬಾ ರಾಣೆಯವರ ಊರು. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ಶತ್ರು ಹೂತಿಟ್ಟ ಮೈನುಗಳನ್ನು ತೆಗೆದು, ಕಡಿದು ಕೆಡವಿದ ಮರಗಳನ್ನು ಸರಿಸಿ, ಗುಂಡಿನ ಮಳೆಯ ನಡುವೆ ಟ್ಯಾಂಕುಗಳಿಗೆ ದಾರಿ ಬಿಡಿಸಿದವರು. ಟ್ಯಾಂಕಿನ ಅಡಿ ತೆವಳುತ್ತ, ಹಗ್ಗ ಜಗ್ಗಿ ಚಾಲಕನಿಗೆ ಸನ್ನೆ ಕೊಡುತ್ತ ಸಾಗಿದರು. ಬದುಕಿರುವಾಗಲೇ ಪರಮವೀರ ಚಕ್ರ ಪಡೆದ ಮೊದಲಿಗರಲ್ಲಿ ಒಬ್ಬರು, 1994ರವರೆಗೆ ಇದ್ದರು. ಕಾರವಾರದಲ್ಲಿ ಟಾಗೋರ್ ಕಡಲತೀರದ ಯುದ್ಧನೌಕೆ ಸಂಗ್ರಹಾಲಯದ ಹತ್ತಿರ ಅವರ ಪ್ರತಿಮೆಯಿದೆ. ಚಾಪಲ್ ನೌಕೆಯ ಎದುರು ನಿಂತು ಫೋಟೋ ಹೊಡೆಸಿಕೊಳ್ಳುವವರಿಗೆ ಕೊರತೆಯಿಲ್ಲ. ಪ್ರತಿಮೆಯ ಎದುರು ಒಬ್ಬ ನಿವೃತ್ತ ಸೈನಿಕ ಮೊಮ್ಮಗಳಿಗೆ ಮೈನು ಅಂದರೇನು ಎಂದು ವಿವರಿಸುತ್ತಿದ್ದರು, ಮರಳಲ್ಲಿ ಬೆರಳಿಂದ ಚಿತ್ರ ಬರೆದು. ಅವಳಿಗೆ ಐಸ್‌ಕ್ರೀಮಿನ ಮೇಲೆ ಧ್ಯಾನ. ಅವರು ಬಿಡಲಿಲ್ಲ.

ಸಂಜೆ ಕೋಡಿಬಾಗ. ಶಿರೂರಿನ ಮೂರು ವಾರಕ್ಕೆ, 2024ರ ಆಗಸ್ಟ್ 7ರ ನಡುರಾತ್ರಿ, ಕಾಳಿ ನದಿಯ ಹಳೆಯ ಸೇತುವೆ ಇಲ್ಲಿ ಕುಸಿದು ಲಾರಿಯೊಂದು ನೀರಿಗೆ ಬಿತ್ತು, ಚಾಲಕ ಬದುಕಿದ. ಯಾರೂ ಸಾಯದ್ದರಿಂದ ಆ ರಾತ್ರಿಯನ್ನು ನೆನೆಯಲು ಯಾರೂ ಬರುವುದಿಲ್ಲ, ಒಳ್ಳೆಯದೇ ಆಯಿತು.

ನದಿ ಸಮುದ್ರ ಸೇರುವಲ್ಲಿಂದ ಆಚೆ ಕೂರ್ಮಗಡ ದ್ವೀಪ. ಅಲ್ಲಿನ ನರಸಿಂಹ ದೇವರ ಜಾತ್ರೆ ಪುಷ್ಯದ ಹುಣ್ಣಿಮೆಗೆ, ಜನ ದೋಣಿಯಲ್ಲಿ ಬಾಳೆಗೊನೆ ಒಯ್ದು ಹರಕೆ ಒಪ್ಪಿಸುತ್ತಾರೆ. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಜನ ಮುಳುಗಿದರು. ದೋಣಿಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನರಿದ್ದರು. ನೀರಿನ ಮೇಲೆ ಹಾರ ಹಾಕಲು ತಡೆಗೋಡೆ ಇಲ್ಲ, ಕಲ್ಲು ನಿಲ್ಲಿಸಲು ನೆಲವಿಲ್ಲ.

ನಾವು ಹತ್ತಿದ್ದು ಕಾಳಿಯ ಮೇಲೆ ಒಂದು ಸುತ್ತು ಹೊಡೆಸಿ ತರುವ ದೋಣಿ. ಎಲ್ಲರಿಗೂ ಕಿತ್ತಳೆ ಬಣ್ಣದ ಜಾಕೆಟ್ ಕೊಟ್ಟರು. ಬೆಂಗಳೂರಿನ ಜೋಡಿಯೊಂದರಲ್ಲಿ ಹುಡುಗ, ಫೋಟೋ ತೆಗೆದ ಮೇಲೆ ಹಾಕಿಕೊಳ್ಳುತ್ತೇನೆ, ಇದರಲ್ಲಿ ಶರ್ಟೇ ಕಾಣುವುದಿಲ್ಲ ಎಂದ. ದೋಣಿಯವ ಎಂಜಿನ್ ಹಗ್ಗ ಬಿಟ್ಟು ಎದ್ದು ಬಂದ. "ಶರ್ಟ್ ತೋರ್ಸೂಕೆ ದಂಡೆ ಅದೆ. ಇಳೀರಿ, ದುಡ್ಡು ವಾಪಸ್ ಕೊಡ್ತೆ." ಹುಡುಗ ನಗಲು ನೋಡಿದ, ದೋಣಿಯವ ನಗಲಿಲ್ಲ. ಬಕಲ್ ಬಿತ್ತು. ಭಾವ ಮೆಲ್ಲಗೆ, ಜಾತ್ರೆಯ ದಿನ ನೀವಿದ್ದಿರಾ ಎಂದು ಕೇಳಿದ. ಇದ್ದೆ, ಎಳೆಯೂಕೆ ಹೋದವರಲ್ಲಿ ನಾನೂ ಇದ್ದೆ ಎಂದಷ್ಟೇ ಹೇಳಿ, ಸಾಲಾಗಿ ಒಬ್ಬೊಬ್ಬರ ಪಟ್ಟಿ ಜಗ್ಗಿ ನೋಡುತ್ತ ಬಂದ. ಭಾವನದು ಸಡಿಲವಿತ್ತು, ಅವನಿಗೂ ಬೈಗುಳ ಬಿತ್ತು.